ಹರಾಜುಕಟ್ಟೆಗೆ ಒಂದು ಬಾಣಲೆ

ಜನವರಿ ೯

ಅತ್ತಿಗೆಗೆ,

ಇಷ್ಟು ತಿಂಗಳು ಒಂದು ಸಾಲೂ ಬರೆಯದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೆಲಸ ಬಿದ್ದಿದೆ ಎಂದು ನಿಮಗೆ ಗೊತ್ತಾಗಿರುತ್ತದೆ. ಹೌದು, ಬಿದ್ದಿದೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ಮುಂದೆ ಓದಿ.

ಐಸ್ ಫ್ಯಾಕ್ಟರಿಯ ಗುಮಾಸ್ತೆ ಕೆಲಸ ಬಿಟ್ಟ ಮೇಲೂ ನಾನು ಈ ಬಂದರಿನಲ್ಲೇ ಇದ್ದೇನೆ. ಮೀನಿನ ಹರಾಜುಕಟ್ಟೆಯ ಹಿಂದೆ ಒಂದು ಗೂಡಂಗಡಿ ಹಾಕಿಕೊಂಡು ಬೆಳಗಿನ ತಿಂಡಿ ಮಾರುತ್ತಿದ್ದೇನೆ. ಆ ಗುಮಾಸ್ತೆ ಕೆಲಸಕ್ಕಾಗಿ ಅಣ್ಣ ಯಾರ್ಯಾರ ಮುಂದೆ ಕೈಕಟ್ಟಿ ನಿಂತಿದ್ದ ಎಂದು ನನಗೆ ಗೊತ್ತು. ಬಿಟ್ಟು ಬಂದೆ ಎಂದಾಗ "ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ" ಎಂದ. ಹತ್ತಲಿಲ್ಲ. ಯಾಕೆ ಬಿಟ್ಟೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಡುಗೆ ಮಾಡಿದರೆ ನನಗೆ ಖುಷಿಯಾಗುತ್ತದೆ, ಲೆಕ್ಕ ಬರೆದರೆ ಆಗುವುದಿಲ್ಲ. ಇಷ್ಟೇ ವಿಷಯ.

ಈಗ ಕೇಳಿ. ಹರಾಜುಕಟ್ಟೆಯ ಒಳಗೆ ಕೂಲಿಕಾರರ ಅಡುಗೆಕೋಣೆ ಇದೆ. ಕಲ್ಲಿನ ಗೋಡೆ, ಸೊಂಟದೆತ್ತರದ ದೊಡ್ಡ ಒಲೆ, ಸದಾ ನೀರು ಬರುವ ನಲ್ಲಿ, ಉದ್ದುದ್ದ ಮೇಜುಗಳು. ಅಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿ ಕಣ್ಣು ಮಂಜಾಯಿತೆಂದು ಮಗಳ ಮನೆಗೆ ಹೋದಳು. ಕೋಣೆ ಬೇಕೆಂದು ಕೂಲಿಕಾರರ ಸಂಘಕ್ಕೆ ಅರ್ಜಿ ಕೊಟ್ಟವರು ಇಬ್ಬರು, ನಾನು ಮತ್ತು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಬ್ಬ. ಅವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ, ಅವನೂ ಬೇಡ ಅನ್ನುವುದಿಲ್ಲ. ಮಾರ್ಚ್ ಕೊನೆಯಲ್ಲಿ ಅವನದೊಂದು ವಾರ, ನನ್ನದೊಂದು ವಾರ. ಕೂಲಿಕಾರರು ಯಾರನ್ನು ಒಪ್ಪುತ್ತಾರೋ ಅವರಿಗೆ ಕೋಣೆ.

ಆ ಒಲೆಯಲ್ಲಿ ಒಂದು ದಿನ ಕೈ ನೋಡೋಣ ಎಂದು ನನ್ನ ಬಾಣಲೆ ಒಯ್ದೆ. ತಗಡಿನಷ್ಟು ತೆಳು. ಆ ಉರಿಗೆ ತಳ ಉಬ್ಬಿ ಡೊಳ್ಳಾಯಿತು. ಎಣ್ಣೆಯೆಲ್ಲ ಸುತ್ತ ಹರಿದು, ನಡುವೆ ಆಲೂಗಡ್ಡೆ ಕರಕಲು, ಅಂಚಿನಲ್ಲಿ ಹಸಿ. ಮೊಟ್ಟೆಯನ್ನು ಕೆರೆದು ತೆಗೆಯಬೇಕಾಯಿತು. ಕ್ಯಾಪ್ಟನ್ ಬಾಗಿಲಲ್ಲಿ ನಿಂತು ನೋಡಿ, ಮೂಗು ಮುಚ್ಚಿಕೊಂಡು ಹೋದ. ಬೈದಿದ್ದರೇ ವಾಸಿಯಿತ್ತು.

ನೀವು ಅಡುಗೆ ಮಾಡುವ ಹಾಸ್ಟೆಲಿನಲ್ಲಿ ನಿಮ್ಮ ಎರಕದ ಕಬ್ಬಿಣದ ಬಾಣಲೆ ನೋಡಿದ್ದೇನಲ್ಲ, ಅಂಥದ್ದೊಂದು ಬೇಕು. ಹೊಸದು ತಗೊಳ್ಳಲೋ, ಹಳೆಯದೋ? ಏನು ನೋಡಿ ಆರಿಸಬೇಕು? ಈ ಕೋಣೆ ಸಿಗದಿದ್ದರೆ ನಾನು ಗೂಡಂಗಡಿಯನ್ನೂ ಮುಚ್ಚಬೇಕು, ಮಳೆಗಾಲಕ್ಕೆ ಅದು ನಿಲ್ಲುವುದಿಲ್ಲ. ಆಮೇಲೆ ಮತ್ತೆ ಲೆಕ್ಕದ ಮೇಜೇ ಗತಿ.

ಅಣ್ಣನಿಗೆ ಹೇಳಬೇಡಿ.

ನಿಮ್ಮ ನಾದಿನಿ

—

ಜನವರಿ ೧೭

ಕಡ್ಡಿ,

ಬೈದು ಮುಗಿಸಿದೆ. ಜೋರಾಗಿಯೇ ಬೈದೆ, ಪಕ್ಕದ ಮನೆಯವರು ಗೋಡೆ ತಟ್ಟಿದರು.

ನಿಮ್ಮಣ್ಣನಿಗೆ ಹೇಳಬೇಡ ಅಂದೆ. ಕಾಗದ ಬಂದಾಗ ಬಾಗಿಲು ತೆಗೆದದ್ದೇ ಅವರು. ನಿನ್ನ ಅಕ್ಷರ ಗುರುತು ಸಿಗದಿರಲು ಅವರಿಗೇನು ಪೊರೆ ಬಂದಿದೆಯೇ? ನನ್ನ ಕೈಗೆ ಕೊಟ್ಟು, ಬ್ಯಾಟರಿ ಅಂಗಡಿಗೆ ಹೊತ್ತಾಯಿತು ಎಂದು ಹೋದರು. ಸಂಜೆ ಊಟಕ್ಕೆ ಕೂತಾಗ ಉಪ್ಪು ಕಡಿಮೆ, ಹುಳಿ ಜಾಸ್ತಿ ಎಂದು ತಕರಾರು ತೆಗೆದರು. ಅಂದರೆ ಕಾಗದದಲ್ಲಿ ಏನಿದೆ ಹೇಳು ಎಂದರ್ಥ. ನಾನು ಗಟ್ಟಿಯಾಗಿ ಓದಿದೆ. ಅವರು ಕೇಳಿಸದವರ ಹಾಗೆ ಅನ್ನ ಕಲಸುತ್ತಿದ್ದರು. ಇನ್ನು ಮುಂದೆಯೂ ಓದುತ್ತೇನೆ, ಗುಟ್ಟಿನ ವ್ಯವಹಾರ ನನಗೆ ಆಗಿಬರುವುದಿಲ್ಲ.

ಈಗ ಬಾಣಲೆ ವಿಷಯ. ಹೊಸದರಲ್ಲಿ ತಪ್ಪೇನಿಲ್ಲ. ಆದರೆ ಇತ್ತೀಚಿನ ಹೊಸ ಬಾಣಲೆಗಳು ಮುಟ್ಟಿದರೆ ಮರಳು ಮರಳು. ದಿನಾ ಅಡುಗೆ ಮಾಡುತ್ತ ಮಾಡುತ್ತ ಎಣ್ಣೆ ಕುಡಿದು ಪಳಗಲು ತಿಂಗಳುಗಟ್ಟಲೆ ಬೇಕು. ನಿನಗೆ ಅಷ್ಟು ಪುರುಸೊತ್ತಿಲ್ಲ. ಕೆಲವಕ್ಕಂತೂ ಕರಿ ಬಣ್ಣ ಬಳಿದು ಪಳಗಿಸಿದ್ದೇವೆ ಎಂದು ಮಾರುತ್ತಾರೆ, ಮೂಗಿನ ಹತ್ತಿರ ಹಿಡಿದರೆ ಗೊತ್ತಾಗುತ್ತದೆ. ಹಳೆಯದನ್ನೇ ಹುಡುಕು.

ಮೊದಲು ಎತ್ತಿ ನೋಡು. ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಬಿಟ್ಟುಬಿಡು, ಉರಿ ಸಮನಾಗಿ ಹರಡುವುದಿಲ್ಲ. ಹಿಡಿ ಬಾಣಲೆಯ ಜೊತೆಗೇ ಒಂದೇ ಎರಕದಲ್ಲಿ ಹೊಯ್ದದ್ದಿರಬೇಕು, ಆಮೇಲೆ ಬೆಸೆದದ್ದಲ್ಲ. ಹಿಡಿಯಲ್ಲಿ ತೂಗಿಬಿಟ್ಟು ಸೌಟಿನಿಂದ ಬಡಿ, ಗಂಟೆಯ ಹಾಗೆ ನಾದ ಬರಬೇಕು. ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಒಳಗೆ ಒಣ ಹಿಟ್ಟು ಉಜ್ಜಿ ಒರೆಸು, ಬಿರುಕಿದ್ದರೆ ಬಿಳಿ ಗೆರೆ ಉಳಿಯುತ್ತದೆ. ಗಾಜಿನ ಮೇಲೆ ಇಟ್ಟು ತಿರುಗಿಸು, ಬುಗುರಿ ಆಡಿದರೆ ತಳ ಉಬ್ಬಿದೆ. ತುಕ್ಕಿಗೆ ಹೆದರಬೇಡ. ತುಕ್ಕು ಉಜ್ಜಿದರೆ ಹೋಗುತ್ತದೆ, ಬಿರುಕು ಹೋಗುವುದಿಲ್ಲ.

ನನ್ನದನ್ನು ಕೊಡಲಾರೆ, ಕೇಳಲೂಬೇಡ. ಹಾಸ್ಟೆಲಿನ ಹೆಣ್ಣುಮಕ್ಕಳು ನನ್ನನ್ನೇ ಹುರಿದು ತಿಂದಾರು.

ಊಟ ಸರಿಯಾಗಿ ಮಾಡು. ಹೆಸರಿಗೆ ತಕ್ಕ ಹಾಗೆ ಇನ್ನೂ ಕಡ್ಡಿಯಾಗಬೇಡ.

ಅತ್ತಿಗೆ

—

ಜನವರಿ ೨೮

ಅತ್ತಿಗೆಗೆ,

ಸಿಕ್ಕಿತು! ಇಂಥದ್ದು ನಿಮ್ಮ ಹತ್ತಿರವೂ ಇಲ್ಲ, ಹೊಟ್ಟೆ ಉರಿದುಕೊಳ್ಳಿ.

ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿ ಸುಸ್ತಾಗಿ, ಬಲೆ ಹೊಲಿಯುವ ತಾತನ ಕೊಟ್ಟಿಗೆಯಲ್ಲಿ ನೀರು ಕುಡಿಯಲು ಕೂತಿದ್ದೆ. ಹಗ್ಗ, ಬೆಂಡು, ಹರಿದ ಬಲೆಗಳ ರಾಶಿಯ ಪಕ್ಕ ಗೋಡೆಗೆ ತೂಗುಹಾಕಿದ್ದ. ಕೊಡುತ್ತೀರಾ ಎಂದೆ. ತಗೊಂಡು ಹೋಗು, ನನಗೆ ಇನ್ನೊಂದಿದೆ, ಕೈ ಸುಟ್ಟುಕೊಳ್ಳಬೇಡ ಅಷ್ಟೇ ಎಂದ. ಎಷ್ಟು ಒಳ್ಳೆಯವನು ನೋಡಿ.

ನೀವು ಹೇಳಿದ್ದೆಲ್ಲ ಅಲ್ಲೇ ಮಾಡಿದೆ. ಬಡಿದರೆ ಕೊಟ್ಟಿಗೆಯೆಲ್ಲ ಗುಂಯ್ ಅಂದಿತು. ತಾತನ ಕಿಟಕಿಯ ಗಾಜು ಬಿಚ್ಚಿಸಿ ಅದರ ಮೇಲಿಟ್ಟೆ, ಅಲ್ಲಾಡಲಿಲ್ಲ. ಹಿಟ್ಟು ಉಜ್ಜಿದೆ, ಒಂದು ಗೆರೆಯೂ ಇಲ್ಲ. ಒಂದೇ ಎರಕ, ಸಮ ದಪ್ಪ. ಸುರಿಯಲು ಅನುಕೂಲವಾಗುವ ಹಾಗೆ ಅಂಚಿನಲ್ಲಿ ಒಂದು ಮೂತಿ ಬೇರೆ. ತುಕ್ಕಿನ ಸುಳಿವೇ ಇಲ್ಲ. ಒಳಗೆ ಬೂದು ಬೂದಾದ ನುಣುಪು, ಮೂಲೆಯಲ್ಲಿ ಬೆಳ್ಳಿ ಬಣ್ಣದ ಒಂದೆರಡು ಹನಿ ಅಂಟಿಕೊಂಡಿವೆ. ಉಗುರಿನಲ್ಲಿ ಗೀರಿದರೆ ಗೀರು ಬೀಳುತ್ತದೆ, ಹಾಗಾಗಿ ತೆಗೆಯುವುದು ಸುಲಭ.

ನಾಳೆಯಿಂದ ಎಣ್ಣೆ ಸವರಿ ಕಾಯಿಸಲು ಶುರುಮಾಡುತ್ತೇನೆ. ಬರುವ ವಾರ ಹಮಾಲರ ಮಕ್ಕಳನ್ನೆಲ್ಲ ಕರೆದು ಮೊಟ್ಟೆ ಹಾಕಿ ಕೊಡುತ್ತೇನೆ, ಕೈ ಪಳಗಲಿ ಎಂದು. ಕ್ಯಾಪ್ಟನ್ ಇನ್ನು ಹಡಗು ಹತ್ತುವುದೇ ಒಳ್ಳೆಯದು.

ಗೆದ್ದಷ್ಟೇ ಖುಷಿಯಲ್ಲಿರುವ
ನಾದಿನಿ

—

ಫೆಬ್ರವರಿ ೧

ತಂಗಿಗೆ,

ಆ ಬಾಣಲೆಯಲ್ಲಿ ಅಡುಗೆ ಮಾಡಬೇಡ. ಯಾರಿಗೂ ಕೊಡಬೇಡ. ಮೂಲೆಯಲ್ಲಿಡು.

ಅಣ್ಣ

—

ಫೆಬ್ರವರಿ ೪

ಅಣ್ಣನಿಗೆ,

ವರ್ಷವಾಗುತ್ತ ಬಂತು ನೀನು ನನ್ನ ಜೊತೆ ಮಾತಾಡಿ. ಈಗ ಬಂದದ್ದು ಮೂರು ಸಾಲು. ಮೂರರಲ್ಲೂ ಮಾಡಬೇಡ, ಕೊಡಬೇಡ, ಇಡು. ಚೆನ್ನಾಗಿದ್ದೀಯಾ ಎಂಬ ಒಂದು ಮಾತಿಲ್ಲ.

ಚಿಕ್ಕವಳಿದ್ದಾಗ ನೀರಿಗಿಳಿಯಬೇಡ ಎಂದೆ, ಇಳಿಯಲಿಲ್ಲ. ಸೈಕಲ್ ಬೇಡ ಎಂದೆ, ಮುಟ್ಟಲಿಲ್ಲ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ನೀನೇ ಎರಡೂ ಆಗಿದ್ದೆ, ಅದಕ್ಕೆ ಕೇಳಿದೆ. ಆದರೆ ಯಾಕೆ ಎಂದು ನೀನು ಒಂದು ದಿನವೂ ಹೇಳಲಿಲ್ಲ. ಈಗ ನನ್ನ ತಲೆಯಲ್ಲಿ ನರೆ ಕೂದಲಿದೆ ಅಣ್ಣ. ನನ್ನ ಒಲೆಯ ಮೇಲೆ ಏನಿಡಬೇಕು ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ.

ನಾನು ಸೋತು ಮತ್ತೆ ಆ ಫ್ಯಾಕ್ಟರಿಯ ಮೇಜಿಗೆ ಹೋಗಿ ಕೂರಲಿ ಎಂದು ನಿನಗಿದ್ದರೆ ಅದನ್ನೇ ನೇರವಾಗಿ ಬರೆ. ಬಾಣಲೆಯ ನೆಪ ಬೇಡ. ಅದು ಈಗ ಒಲೆಯ ಮೇಲೇ ಇದೆ.

ತಂಗಿ

—

ಫೆಬ್ರವರಿ ೮

ತಂಗಿಗೆ,

ಒಲೆಯಿಂದ ಇಳಿಸು. ಇಳಿಸಿ ಆಮೇಲೆ ಓದು.

ನಿನ್ನ ಕಾಗದ ಓದಿ ನಿನ್ನ ಅತ್ತಿಗೆ ಪೆನ್ನು ತಂದು ಎದುರಿಗಿಟ್ಟಳು. ಯಾಕೆ ಎಂದು ಪೂರ್ತಿ ಬರೆಯುವವರೆಗೆ ತಟ್ಟೆ ಹಾಕುವುದಿಲ್ಲವಂತೆ. ನನಗೆ ಕಾರಣ ಹೇಳಿ ಅಭ್ಯಾಸವಿಲ್ಲ. ಹಸಿವಾಗಿದೆ, ಅದಕ್ಕೆ ಬರೆಯುತ್ತೇನೆ.

ನೀನು ಬರೆದ ಆ ಬೆಳ್ಳಿ ಹನಿ ಸೀಸ. ಬಲೆಯವರ ಕೊಟ್ಟಿಗೆಯಲ್ಲಿ ಉಗುರಿಗೆ ಗೀರಾಗುವ ಲೋಹ ಬೇರೊಂದಿರುವುದಿಲ್ಲ. ಬ್ಯಾಟರಿಯ ಒಳಗೆ ಇರುವುದೂ ಅದೇ, ದಿನಾ ನನ್ನ ಕೈಯಲ್ಲಿ ಆಡುತ್ತದೆ. ಬಲೆ ಮುಳುಗಲಿ ಎಂದು ಅಂಚಿಗೆ ಕಟ್ಟುವ ಗುಂಡುಗಳನ್ನು ಸೀಸ ಕರಗಿಸಿ ಹೊಯ್ಯುತ್ತಾರೆ. ಅದಕ್ಕೇ ಅಂಚಿನಲ್ಲಿ ಮೂತಿ. ತುಕ್ಕಿಲ್ಲದಿರುವುದೂ ಅದಕ್ಕೇ. ಎಷ್ಟು ಉಜ್ಜಿದರೂ ಕಬ್ಬಿಣದ ಸಣ್ಣ ತೂತುಗಳಲ್ಲಿ ಅದು ಉಳಿಯುತ್ತದೆ. ಅಡುಗೆಗೆ ಇಳಿಯುತ್ತದೆ, ರುಚಿಯಲ್ಲೂ ಗೊತ್ತಾಗುವುದಿಲ್ಲ.

ನಮ್ಮ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುತ್ತಿದ್ದವನು ಕೈ ತೊಳೆಯದೆ ಊಟ ಮಾಡುತ್ತಿದ್ದ. ಮೊದಲು ಹೊಟ್ಟೆನೋವು ಎಂದ. ಆಮೇಲೆ ಕೈ ಮಣಿಕಟ್ಟಿನಿಂದ ಸೋತು ಜೋತುಬಿತ್ತು. ಈಗ ಅವನ ಹೆಂಡತಿ ಲೋಟ ಹಿಡಿದು ಕುಡಿಸುತ್ತಾಳೆ. ಅವನು ದೊಡ್ಡವನು. ನೀನು ಮಕ್ಕಳನ್ನು ಕರೆದು ಮೊಟ್ಟೆ ಕೊಡುತ್ತೇನೆ ಎಂದು ಬರೆದಿದ್ದೆ. ಅದನ್ನು ಕೇಳಿದ ರಾತ್ರಿಯೇ ಆ ಮೂರು ಸಾಲು ಬರೆದು ಹಾಕಿದೆ.

ನೀನು ಸೋಲಲಿ ಎಂದು ನನಗಿಲ್ಲ. ಫ್ಯಾಕ್ಟರಿಗೆ ವಾಪಸ್ಸು ಹೋಗಲಿ ಎಂದಿದೆ, ಅದು ಬೇರೆ ಮಾತು.

ಚೆನ್ನಾಗಿದ್ದೀಯಾ?

ಅಣ್ಣ

—

ಫೆಬ್ರವರಿ ೧೩

ಅತ್ತಿಗೆಗೆ,

ಮೊದಲು ನಿಮ್ಮ ಎದೆ ತಣ್ಣಗಾಗಲಿ. ಯಾರೂ ತಿಂದಿಲ್ಲ. ನಾನೂ ತಿಂದಿಲ್ಲ.

ಅಣ್ಣನಿಗೆ ಸಿಟ್ಟಿನಲ್ಲಿ ಕಾಗದ ಹಾಕಿ ಬಂದು, ಹಟಕ್ಕೆ ಬಾಣಲೆಗೆ ಎಣ್ಣೆ ಬಿಟ್ಟೆ. ಈರುಳ್ಳಿ ಹೆಚ್ಚಿದೆ. ಆದರೆ ಹಾಕಲು ಕೈ ಬರಲಿಲ್ಲ. ಅಣ್ಣ ಕಾರಣ ಹೇಳುವುದಿಲ್ಲ ನಿಜ, ಆದರೆ ಸುಮ್ಮಸುಮ್ಮನೆ ಕಾಗದ ಬರೆಯುವವನೂ ಅಲ್ಲವಲ್ಲ. ಒಲೆ ಆರಿಸಿ, ಬಾಣಲೆ ಹಿಡಿದು ತಾತನ ಕೊಟ್ಟಿಗೆಗೆ ಹೋದೆ. ನಮ್ಮಣ್ಣ ಇದರಲ್ಲಿ ಅಡುಗೆ ಮಾಡಬೇಡ ಅಂತಾನೆ ತಾತ, ನಿಮಗೇನಾದರೂ ಗೊತ್ತಾ ಎಂದು ನಗುತ್ತಲೇ ಕೇಳಿದೆ.

ತಾತನ ಕೈಯಿಂದ ಬಲೆ ಜಾರಿತು. "ಅಡುಗೆನಾ? ಯಾರಾದ್ರೂ ಅದರಲ್ಲಿ ಅಡುಗೆ ಮಾಡ್ತಾರೇನಮ್ಮ? ನೀನೂ ಗುಂಡು ಹೊಯ್ಯೋಕೆ ಅಂತ ತಗೊಂಡೆ ಅಂದ್ಕೊಂಡಿದ್ದೆ."

ಆಗ ಅರ್ಥವಾಯಿತು. ಈ ಬಂದರಿನಲ್ಲಿ ಪ್ರತಿ ಮನೆಯಲ್ಲೂ ಅಂಥದ್ದೊಂದು ಬಾಣಲೆ ಹಿತ್ತಿಲಲ್ಲಿ ಇರುತ್ತದಂತೆ. ಅದು ಏತಕ್ಕೆ ಎಂದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾನು ತಿಂಡಿ ಮಾರುವವಳು ಎಂಬುದೂ ಗೊತ್ತು. ಎರಡನ್ನೂ ಕೂಡಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಾಪ, ತಾತ ಅಲ್ಲೇ ಕುಸಿದು ಕೂತು ತಲೆ ಚಚ್ಚಿಕೊಂಡ. ನಾನೇ ಅವನಿಗೆ ನೀರು ಕೊಡಬೇಕಾಯಿತು. ಬಾಣಲೆಯನ್ನು ಅವನ ಗೋಡೆಗೇ ವಾಪಸ್ಸು ತೂಗುಹಾಕಿ ಬಂದೆ. ಮಾರನೆ ದಿನದಿಂದ ಹೋದಲ್ಲೆಲ್ಲ ಅವನು ಇದನ್ನೇ ಸಾರುತ್ತಿದ್ದಾನೆ, ಅಡುಗೆಗೂ ಗುಂಡಿಗೂ ಒಂದೇ ಪಾತ್ರೆ ಬೇಡ ಎಂದು.

ಅಣ್ಣನ ಎರಡನೆಯ ಕಾಗದ ಆಮೇಲೆ ಬಂತು. ಓದಿ ಅತ್ತುಬಿಟ್ಟೆ ಅತ್ತಿಗೆ. ಭಯಕ್ಕೆ ಸ್ವಲ್ಪ, ಆ ಕೊನೆಯ ಸಾಲಿಗೆ ಜಾಸ್ತಿ. ಅವನಿಗೆ ಹೊಟ್ಟೆ ತುಂಬ ಊಟ ಹಾಕಿ. ಚೆನ್ನಾಗಿದ್ದೇನೆ ಎಂದು ಹೇಳಿ.

ಈಗ ಕೈಯಲ್ಲಿ ಬಾಣಲೆಯಿಲ್ಲ, ದಿನಗಳು ಓಡುತ್ತಿವೆ. ನಾಳೆ ಗುಜರಿಯವನ ಅಂಗಳಕ್ಕೆ ಹೋಗುತ್ತೇನೆ.

ನಿಮ್ಮ ನಾದಿನಿ

—

ಫೆಬ್ರವರಿ ೨೧

ಕಡ್ಡಿ,

ತಪ್ಪು ನನ್ನದೂ ಇದೆ. ಬಡಿ, ತಿರುಗಿಸು, ಹಿಟ್ಟು ಉಜ್ಜು ಎಂದು ಉದ್ದಕ್ಕೆ ಬರೆದೆನೇ ಹೊರತು ಇದರಲ್ಲಿ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳು ಎಂದು ಬರೆಯಲಿಲ್ಲ. ಸಮುದ್ರವನ್ನೇ ಕಾಣದವಳು ನಾನು, ನನಗೆ ಬಲೆ ಗುಂಡು ಎಲ್ಲಿಂದ ಹೊಳೆಯಬೇಕು? ನಿಮ್ಮಣ್ಣ ಈಗ ಮನೆಯಲ್ಲಿ ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾರೆ. ನನ್ನ ಅಡುಗೆಮನೆಗೆ ಬಂದು ಒಂದೊಂದೇ ಪಾತ್ರೆ ಎತ್ತಿ ನೋಡಿ, ಇದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಸಾಕಾಗಿದೆ.

ಮೊನ್ನೆ ಐಸ್ ಫ್ಯಾಕ್ಟರಿಯ ಮ್ಯಾನೇಜರರಿಗೆ ಒಂದು ಕಾಗದ ಹಾಕಿದ್ದಾರೆ, ನಿನ್ನ ಜಾಗ ಇನ್ನೂ ಖಾಲಿ ಇದೆಯೇ ಎಂದು. ನಿನಗೆ ಹೇಳದೆ ಇರಲಾರೆ. ಸಿಟ್ಟಾಗಬೇಡ, ಅವರು ಹೆದರಿದ್ದಾರೆ ಅಷ್ಟೇ. ನೀನು ಬೀಳುವ ಮೊದಲೇ ಚಾಪೆ ಹಾಸಿಡುವ ಬುದ್ಧಿ ಅದು. ಬೀಳದೆ ತೋರಿಸು.

ಸಿಕ್ಕಿತೇ ಇಲ್ಲವೇ, ಬೇಗ ಬರೆ.

ಅತ್ತಿಗೆ

—

ಮಾರ್ಚ್ ೨

ಅತ್ತಿಗೆಗೆ,

ಸಿಕ್ಕಿದೆ. ಈ ಸಲ ಕುಣಿಯದೆ ಬರೆಯುತ್ತೇನೆ.

ಗುಜರಿಯವನು ಮೊದಲು ಕನ್ನಡಿಯಂತೆ ಹೊಳೆಯುವ ಕರಿ ಬಾಣಲೆ ತಂದ. ಮೂಸಿದೆ, ಬಣ್ಣದ ವಾಸನೆ. ಇನ್ನೊಂದು ತಂದ, ಗಾಜಿನ ಮೇಲೆ ಬುಗುರಿ ಆಡಿತು. ಮೂರನೆಯದನ್ನು ಬಡಿದರೆ ಮಡಕೆಯ ಸದ್ದು. ನಿಮಗೆ ಬಾಣಲೆ ಬೇಕೋ ಹೆಣ್ಣು ನೋಡೋಕೆ ಬಂದಿದ್ದೀರೋ ಎಂದು ಅವನಿಗೆ ರೇಗಿತು. ನಾನು ಬಿಡಲಿಲ್ಲ. ಸರಪಳಿಗಳ ರಾಶಿಯ ಅಡಿಯಲ್ಲಿ ಕೆಂಪಗೆ ತುಕ್ಕು ಹಿಡಿದದ್ದೊಂದು ಕಂಡಿತು. ತೆಗೆಸಿದೆ. ಅಗಲವಿದೆ, ಎರಡು ಕೈಯಲ್ಲೇ ಎತ್ತಬೇಕು. ತುಕ್ಕಿನ ಮೈಯಲ್ಲೇ ಬಡಿದೆ. ಅತ್ತಿಗೆ, ಆ ನಾದ ಇನ್ನೂ ಕಿವಿಯಲ್ಲಿದೆ.

"ಇದರಲ್ಲಿ ಏನು ಮಾಡ್ತಿದ್ರು?" ಎಂದೆ.

ಸೇತುವೆಯಾಚೆಯ ಬೇಕರಿ ಮುಚ್ಚಿದಾಗ ಬಂದದ್ದು ಎಂದ. ಅವನ ಮಾತು ನಂಬಿ ಕೂರಲಿಲ್ಲ. ಬಾಣಲೆಯನ್ನು ಸೊಂಟಕ್ಕೆ ಆನಿಸಿಕೊಂಡು ಸೇತುವೆ ದಾಟಿ ಬೇಕರಿಯವನ ಮನೆ ಹುಡುಕಿದೆ. ಅವನ ಹೆಂಡತಿ ಬಾಗಿಲು ತೆಗೆದವಳೇ ನನ್ನನ್ನು ಬಿಟ್ಟು ಬಾಣಲೆ ನೋಡಿದಳು. ಅವಳ ಅತ್ತೆಯ ಕಾಲದ್ದಂತೆ. ಬನ್ನಿಗೆ ಹೂರಣ ಹುರಿಯುವುದು ಬಿಟ್ಟು ಇನ್ನೇನೂ ಅದರಲ್ಲಿ ಮಾಡಿದ್ದಿಲ್ಲ. ಸೆರಗಿನಿಂದ ಅದರ ಅಂಚು ಒರೆಸಿದಳು. ಹಸಿದವರಿಗೆ ಅಡುಗೆ ಮಾಡ್ತೀಯಾ, ಒಳ್ಳೇದಾಯ್ತು ಬಿಡು ಎಂದು ಟೀ ಕೊಟ್ಟಳು.

ಮರಳು ಹಾಕಿ ನಾರಿನಲ್ಲಿ ಉಜ್ಜಿ ಉಜ್ಜಿ ಅಂಗೈ ಸುಲಿದಿದೆ. ಕೆಂಪು ಹೋಗಿ ಬೂದು ಬಂತು, ಹಿಟ್ಟಿನ ಪರೀಕ್ಷೆ ಆಮೇಲೆ ಮಾಡಿದೆ, ಗೆರೆಯಿಲ್ಲ. ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಸವರಿದ್ದೇ ತಪ್ಪಾಯಿತೆನ್ನುವ ಹಾಗೆ ಪೂರ್ತಿ ಒರೆಸಿ, ಹೊಗೆ ಬರುವವರೆಗೆ ಕಾಯಿಸುತ್ತಿದ್ದೇನೆ. ದಿನಾ ಇದೇ. ಬೂದು ಕಂದಾಯಿತು, ಕಂದು ಈಗ ಕಪ್ಪಾಗುತ್ತಿದೆ. ಇವತ್ತು ಮೊಟ್ಟೆ ಒಡೆದು ಹಾಕಿ ಬಾಣಲೆ ಓರೆ ಮಾಡಿದೆ. ಮೊಟ್ಟೆ ಜಾರಿ ತಟ್ಟೆಗೆ ಇಳಿಯಿತು. ಇನ್ನೊಂದು ಒಡೆದು ಹಾಕಿದೆ, ಅದೂ ಜಾರಿತು.

ಮ್ಯಾನೇಜರರಿಗೆ ಬರೆದದ್ದಕ್ಕೆ ಸಿಟ್ಟಿಲ್ಲ. ಆ ಚಾಪೆಯನ್ನು ಮಡಚಿ ಎತ್ತಿಡಲು ಅಣ್ಣನಿಗೆ ಹೇಳಿ.

ನಿಮ್ಮ ನಾದಿನಿ

—

ಮಾರ್ಚ್ ೩೧

ಅತ್ತಿಗೆಗೆ,

ಕೋಣೆ ನನ್ನದು.

ಮೊದಲ ವಾರ ಕ್ಯಾಪ್ಟನ್‌ನದು. ಚೆನ್ನಾಗಿಯೇ ಮಾಡಿದ, ಸುಳ್ಳು ಹೇಳಬಾರದು. ಹೊಳೆಯುವ ಹೊಸ ನಾನ್‌ಸ್ಟಿಕ್ ಬಾಣಲೆಗಳು, ಬಿಳಿ ಟೋಪಿ. ಆದರೆ ಆ ಒಲೆಯ ಉರಿಗೆ ಅವುಗಳ ಮೇಲ್ಪದರ ಏಳಲು ಶುರುವಾಗಿ, ಉರಿ ತಗ್ಗಿಸಬೇಕಾಯಿತು. ಉರಿ ತಗ್ಗಿದರೆ ಅಡುಗೆ ನಿಧಾನ. ದೋಣಿ ಬಂದ ಹೊತ್ತಿಗೆ ಹಮಾಲರು ಕಾಯುತ್ತ ಕೂರುವುದಿಲ್ಲ, ಅರ್ಧ ಜನ ಹಸಿದೇ ಎದ್ದು ಹೋದರು.

ನನ್ನ ವಾರ ಉರಿ ಪೂರ್ತಿ ಏರಿಸಿದೆ. ಬಾಣಲೆ ಜಪ್ಪಯ್ಯ ಅನ್ನಲಿಲ್ಲ. ಒಂದು ಸಲ ಕಾದರೆ ತಣ್ಣನೆಯ ಆಲೂಗಡ್ಡೆ ರಾಶಿ ಸುರಿದರೂ ಕಾವು ಇಳಿಯುವುದಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಅದನ್ನು ತೆಗೆದು ಮೀನು, ಮೀನು ತೆಗೆದು ಮೊಟ್ಟೆ. ಸಾಲು ನಿಲ್ಲುವುದೇ ಇಲ್ಲ, ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ನನ್ನ ತೋಳಿನಲ್ಲಿ ಇಷ್ಟು ಬಲವಿದೆ ಎಂದು ನನಗೇ ಗೊತ್ತಿರಲಿಲ್ಲ.

ಇವತ್ತು ಕೊನೆಯ ದಿನ. ಊಟವಾದ ಮೇಲೆ ತಟ್ಟೆ ತೊಳೆದು, ಯಾರು ಬೇಕೋ ಅವರ ಮೇಜಿನ ಮೇಲೆ ಇಡಬೇಕು, ಅದೇ ಇಲ್ಲಿಯ ಮತ. ನಾನು ನೋಡಲಾರದೆ ಗೋಡೆ ಕಡೆ ತಿರುಗಿ ಬಾಣಲೆ ಒರೆಸುತ್ತಿದ್ದೆ. ಹಿಂದೆ ತಟ್ಟೆ ಇಡುವ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಯಾವ ಮೇಜಿನದೆಂದು ತಿಳಿಯುತ್ತಿರಲಿಲ್ಲ. ಆಮೇಲೆ ದಡದಡ ಎಂದು ಏನೋ ಬಿತ್ತು. ತಿರುಗಿದರೆ ನನ್ನ ಮೇಜಿನ ರಾಶಿ ಎತ್ತರವಾಗಿ ವಾಲಿ ನೆಲಕ್ಕೆ ಬಿದ್ದಿದೆ. ಕ್ಯಾಪ್ಟನ್ ಬಗ್ಗಿ ತಟ್ಟೆ ಆರಿಸಿ ಕೊಡುತ್ತಿದ್ದಾನೆ. ಅವನ ಕೈಯಲ್ಲಿದ್ದ ಅವನದೇ ತಟ್ಟೆಯನ್ನೂ ನನ್ನ ರಾಶಿಯ ಮೇಲಿಟ್ಟ. "ಆ ಬಾಣಲೆ ಎಲ್ಲಿ ಸಿಕ್ತು, ಅದಾದ್ರೂ ಹೇಳಮ್ಮ" ಅಂದ.

ಗೆದ್ದೆ ಅತ್ತಿಗೆ. ನನ್ನ ಇಷ್ಟದ ಕೆಲಸದಲ್ಲಿ, ನಾನೇ ಆರಿಸಿದ ಬಾಣಲೆಯಲ್ಲಿ ಗೆದ್ದೆ. ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿ.

ಅಡುಗೆಕೋಣೆಯ ಯಜಮಾನಿ

—

ಏಪ್ರಿಲ್ ೨

ತಂಗಿಗೆ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಆದರೂ ನನಗೆ ಗೊತ್ತು, ನಾನು ಅಲ್ಲೇ ಇದ್ದೆ.

ಕೊನೆಯ ದಿನ ಬೆಳಗಿನ ಬಸ್ಸಿಗೆ ಬಂದೆ. ನಿನ್ನ ಅತ್ತಿಗೆಗೂ ಅಂಗಡಿ ಕೆಲಸ ಎಂದು ಹೇಳಿ ಹೊರಟಿದ್ದೆ. ಹರಾಜುಕಟ್ಟೆಯಲ್ಲಿ ಹಮಾಲರ ಸಾಲಿನಲ್ಲಿ ನಿಂತೆ. ನನ್ನ ಹಿಂದಿದ್ದವನು ಸಂಘದವನಲ್ಲ ನೀನು ಎಂದು ಗದರಿದ. ಹಸಿವಾಗಿದೆ ಎಂದೆ. ಹಾಗಾದ್ರೆ ನಿಲ್ಲು, ಇವಳ ಅಡುಗೆ ಒಂದ್ಸಲ ತಿಂದು ನೋಡು ಎಂದ. ಸಾಲು ಮುಂದೆ ಹೋಯಿತು. ನನ್ನ ಸರದಿ ಬಂದಾಗ ನೀನು ತಲೆ ಎತ್ತಲಿಲ್ಲ. ಕಣ್ಣೆಲ್ಲ ಬಾಣಲೆಯ ಮೇಲಿತ್ತು. ತಟ್ಟೆಗೆ ಹಾಕಿ, "ಪಕ್ಕಕ್ಕೆ ಸರೀರಿ, ಹಿಂದೆ ಜನ ಇದ್ದಾರೆ" ಅಂದೆ. ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ನಾನು ಸರಿದೆ.

ಮೂಲೆಯ ಮೇಜಿನಲ್ಲಿ ಕೂತು ತಿಂದೆ. ಮೀನು ಚೆನ್ನಾಗಿತ್ತು. ಆಲೂಗಡ್ಡೆ ಇನ್ನೂ ಚೆನ್ನಾಗಿತ್ತು. ನಿನ್ನ ಕೈ, ನಿನ್ನ ನಿಲುವು, ಒಂದು ಮಾತಿಗೆ ಆ ದೊಡ್ಡ ಗಂಡಸರೆಲ್ಲ ಸಾಲು ಸರಿಮಾಡಿಕೊಳ್ಳುವುದು, ಎಲ್ಲ ನೋಡಿದೆ. ನನಗೆ ಬಹಳ ಹೆಮ್ಮೆಯಾಯಿತು. ಇದನ್ನು ನಿನ್ನ ಅತ್ತಿಗೆ ಬರೆಸುತ್ತಿಲ್ಲ, ಅವಳು ಮಲಗಿದ್ದಾಳೆ.

ನಾನು ಬಂದದ್ದು ನಿನ್ನನ್ನು ಕರೆದುಕೊಂಡು ಹೋಗಲು. ಸೋತು ಒಬ್ಬಳೇ ಕೂತಿರುತ್ತಾಳೆ, ಬಾ ಮನೆಗೆ ಎನ್ನೋಣ ಎಂದು ವಾಪಸ್ಸಿಗೆ ಎರಡು ಟಿಕೆಟ್ ತೆಗೆದಿದ್ದೆ. ತಟ್ಟೆಗಳ ರಾಶಿ ಬಿದ್ದಾಗ ಬಾಗಿಲಲ್ಲಿದ್ದೆ. ನೀನು ಆ ಜನರ ನಡುವೆ ನಗುತ್ತಿದ್ದೆ. ಕರೆಯಲಿಲ್ಲ, ಅದು ನಿನ್ನ ಹೊತ್ತು.

ಬಸ್ ನಿಲ್ದಾಣದಲ್ಲಿ ಒಂದು ಟಿಕೆಟ್ ವಾಪಸ್ಸು ಕೊಟ್ಟೆ. ಜೊತೆಯವರು ಬರಲಿಲ್ಲವೇ ಎಂದು ಕಿಟಕಿಯವನು ಕೇಳಿದ. ಬರೋದಿಲ್ಲ, ಅವಳಿಗೆ ಇಲ್ಲಿ ಕೆಲಸ ಇದೆ ಎಂದೆ.

ನಿನ್ನ ಅಣ್ಣ